ಬಂಡೆಗೆ ಬೈತಲೆ ಎಲ್ಲಿ?

ಜನವರಿ ೨೮

ಪ್ರೀತಿಯ ಅಣ್ಣ,

ಮೊದಲು ನಿನ್ನ ಕಾಲಿನ ವಿಚಾರ ಬರಿ, ಮಿಕ್ಕದ್ದು ಆಮೇಲೆ. ಮೂವತ್ತೈದು ವರ್ಷ ಸರಪಳಿ ಹಿಡಿದು ಗುಡ್ಡಬೆಟ್ಟ ಅಳೆದ ಸರ್ವೆಯರು ನಿವೃತ್ತಿಯಾದ ಮೇಲೆ ಅಡುಗೆಮನೆಯ ಒಂದೇ ಒಂದು ಮೆಟ್ಟಿಲು ಇಳಿಯುವಾಗ ಜಾರಿ ಮೊಣಕಾಲ ಚಿಪ್ಪು ಒಡೆದುಕೊಂಡರು ಎಂದರೆ ಯಾರು ನಂಬುತ್ತಾರೆ? ಅತ್ತಿಗೆಯ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನಾ ನಡೆಯಬೇಕು, ಇಲ್ಲದಿದ್ದರೆ ಮಂಡಿ ಮಡಚುವುದೇ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ನಡೆಯುತ್ತಿದ್ದೀಯ ತಾನೆ?

ನನ್ನದು ಎಂದಿನ ಪಾಡು. ಎದುರಿನ ಸರ್ಕಾರಿ ಕಚೇರಿ ಮೂರು ಗಂಟೆಗೆ ಅರ್ಜಿ ತೆಗೆದುಕೊಳ್ಳುವುದು ನಿಲ್ಲಿಸುತ್ತದೆ. ಅಲ್ಲಿಗೆ ನನ್ನ ಸ್ಟುಡಿಯೊದ ವ್ಯಾಪಾರವೂ ಮುಗಿಯಿತು. ಬೆಳಿಗ್ಗೆಯಿಂದ ಅದೇ ಬಿಳಿ ಪರದೆ, ಅದೇ ಮುರುಕು ಸ್ಟೂಲು, ಅದೇ ಮಾತು: ‘ಗದ್ದ ಸ್ವಲ್ಪ ಕೆಳಗೆ, ನಗಬೇಡಿ, ಮುಗೀತು ಏಳಿ.’ ಇಪ್ಪತ್ತಾರು ವರ್ಷದಲ್ಲಿ ಈ ಊರಿನ ಅರ್ಧ ಜನರ ಮುಖ ತೆಗೆದಿದ್ದೇನೆ. ನನಗಾಗಿ ತೆಗೆದದ್ದು ಒಂದೂ ಇಲ್ಲ.

ಈಗ ಒಂದು ಬೇಕು ಅನ್ನಿಸಿದೆ. ಊರಿನಾಚೆ, ಬಸ್ಸು ತಿರುಗುವಲ್ಲಿ, ಬರೀ ಬಂಡೆಯ ಒಂದು ಬೆಟ್ಟವಿದೆ. ಹುಲ್ಲುಕಡ್ಡಿಯೂ ಇಲ್ಲದ, ಒಡಕಲು ತಡಕಲು ಬೆಟ್ಟ. ಮಧ್ಯಾಹ್ನ ನೋಡಿದರೆ ಯಾರೋ ಮನೆ ಕೆಡವಿ ರಾಶಿ ಹಾಕಿದ ಹಾಗಿರುತ್ತದೆ. ಆದರೆ ಈ ತಿಂಗಳುಗಳಲ್ಲಿ ಸಂಜೆ ಐದೂವರೆಯ ಸುಮಾರಿಗೆ, ಎದುರು ಸಾಲಿನ ಎರಡು ಗುಡ್ಡಗಳ ಸಂದಿನಿಂದ ಬಿಸಿಲು ತೂರಿಬಂದು ಅದರ ಮೇಲಿನ ಗೋಡೆಯಂಥ ಬಂಡೆಗೆ ಬೀಳುತ್ತದೆ. ಕಾಲು ಗಂಟೆ, ಅಷ್ಟೆ. ಆ ಕಾಲು ಗಂಟೆ ಬಂಡೆಯ ಒಂದೊಂದು ಬಿರುಕೂ ಎದ್ದು ಕಾಣುತ್ತದೆ ಅಣ್ಣ. ರಸ್ತೆಯಲ್ಲಿ ನಿಂತು ನೋಡಿ ಸಾಕಾಗಿದೆ. ಗೋಡೆಯ ಬುಡದಲ್ಲಿ ಜಗಲಿಯಂಥ ಒಂದು ಚಪ್ಪಟೆ ಜಾಗವಿದೆ, ಅಲ್ಲಿ ಟ್ರೈಪಾಡ್ ನಿಲ್ಲಿಸಿ ಹತ್ತಿರದಿಂದ ತೆಗೆಯಬೇಕು.

ಹತ್ತುವ ದಾರಿ ಇಲ್ಲಿ ಯಾರನ್ನು ಕೇಳಿದರೂ ‘ಅಲ್ಲಿ ಏನಿದೆ ಅಂತ ಹೋಗ್ತೀರಮ್ಮ?’ ಎಂದು ನನ್ನನ್ನೇ ಕೇಳುತ್ತಾರೆ. ಅದಕ್ಕೆ ರಸ್ತೆಯಿಂದ ಸಂಜೆ ತೆಗೆದ ಒಂದು ಫೋಟೊ ದೊಡ್ಡದು ಮಾಡಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಭೂತಗನ್ನಡಿ ಹಿಡಿದು ನೋಡಿ, ದಾರಿ ಹಾಕಿಕೊಡು. ಒಬ್ಬಳೇ ಹೋಗುತ್ತೇನೆ ಎಂದು ಗಾಬರಿಯಾಗಬೇಡ, ಪಕ್ಕದ ಹೊಲಿಗೆ ಅಂಗಡಿಯಾಕೆ ಜೊತೆಗೆ ಬರುತ್ತಾಳೆ.

ನಿನ್ನ ತಂಗಿ

*

ಫೆಬ್ರವರಿ ೪

ಮೊಂಡಿ,

ಐವತ್ತು ದಾಟಿದರೂ ನಿನ್ನ ಮೊಂಡುತನ ಇಳಿಯಲಿಲ್ಲ. ಬೆಟ್ಟ ಹತ್ತುವ ವಯಸ್ಸೇನೇ ಇದು? ಬೇಡ ಅಂದರೆ ನಾಳೆಯೇ ಹತ್ತುತ್ತೀಯ ಎಂದು ಗೊತ್ತಿರುವುದರಿಂದ ಬೇಡ ಎನ್ನುವುದಿಲ್ಲ.

ನನ್ನ ಕಾಲು ಚೆನ್ನಾಗಿದೆ. ದಿನಾ ಬೆಳಿಗ್ಗೆ ಅಂಚೆ ಕಚೇರಿಯವರೆಗೆ ನಡೆದು ಬರುತ್ತೇನೆ. ಡಾಕ್ಟರಿಗೇ ಆಶ್ಚರ್ಯ.

ಈಗ ಕೆಲಸದ ಮಾತು. ಫೋಟೊವನ್ನು ಎರಡು ದಿನ ನೋಡಿದೆ. ಸಂಜೆ ತೆಗೆದದ್ದು ಎಂದಿದ್ದೀಯ. ಬಿಸಿಲು ಬಲಗಡೆಯಿಂದ ಬಿದ್ದಿದೆ. ಅಂದರೆ ನಿನ್ನ ಬಲಕ್ಕೆ ಪಶ್ಚಿಮ, ನೀನು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೆ, ಬೆಟ್ಟದ ಮುಖ ಉತ್ತರಕ್ಕೆ. ನೋಡು, ಕುರ್ಚಿಯಲ್ಲಿ ಕೂತೇ ನಿನ್ನ ಊರಿನ ದಿಕ್ಕು ಹೇಳಿದೆ! ಇನ್ನು ದಾರಿ. ಬುಡದಲ್ಲಿ ಸೀಳಿಹೋದ ಒಂದು ದೊಡ್ಡ ಗುಂಡುಕಲ್ಲು ಇದೆ. ಅದರ ಹಿಂದಿನಿಂದ ಎರಡು ಕೊರಕಲು ಮೇಲಕ್ಕೆ ಹೋಗುತ್ತವೆ. ಹತ್ತಿರ ನಿಂತರೆ ಎರಡೂ ಅವಳಿಜವಳಿಯ ಹಾಗೆ ಕಾಣುತ್ತವೆ, ಮೋಸ ಹೋಗಬೇಡ. ಎಡಗಡೆಯದು ಅರ್ಧಕ್ಕೆ ಹೋಗಿ ಪ್ರಪಾತದ ಅಂಚಿನಲ್ಲಿ ಮುಗಿಯುತ್ತದೆ. ಬಲಗಡೆಯದು ಮೆಟ್ಟಿಲು ಮೆಟ್ಟಿಲಾಗಿ ನಿನ್ನ ಜಗಲಿಗೇ ಹೋಗುತ್ತದೆ. ಬಲಗಡೆ, ಬಲಗಡೆ, ಬಲಗಡೆ. ಮೂರು ಸಲ ಬರೆದಿದ್ದೇನೆ. ನಕ್ಷೆ ಬೇರೆ ಹಾಳೆಯಲ್ಲಿದೆ. ಹೊಲಿಗೆಯಾಕೆಯನ್ನು ಮುಂದೆ ಬಿಡಬೇಡ, ನೀನೇ ಮುಂದಿರು. ಆರು ಗಂಟೆಗೆ ಕೆಳಗಿರಬೇಕು.

ನಿನ್ನ ಅಣ್ಣ

(ನಕ್ಷೆಯ ಹಿಂದೆ, ಪೆನ್ಸಿಲಿನಲ್ಲಿ:)

ನಾನು ಅತ್ತಿಗೆ. ಇವರು ನಿದ್ದೆ ಮಾಡುವಾಗ ಬರೆಯುತ್ತಿದ್ದೇನೆ. ಅಂಚೆ ಕಚೇರಿಯೂ ಇಲ್ಲ, ಮಣ್ಣೂ ಇಲ್ಲ. ಬಚ್ಚಲಮನೆ ಬಿಟ್ಟರೆ ಕಿಟಕಿ ಪಕ್ಕದ ಕುರ್ಚಿ, ಅಷ್ಟೇ ಇವರ ಪ್ರಪಂಚ. ಏಳಿ ಅಂದ್ರೆ, ‘ಇನ್ನು ನಾನು ಯಾವ ಕೆಲಸಕ್ಕೆ ಬೇಕು ಬಿಡೇ’ ಅಂತಾರೆ. ಮಂಡಿ ಬಿಗಿಯುತ್ತಾ ಬಂದಿದೆ. ನಿನ್ನ ಫೋಟೊ ಬಂದ ದಿನ ಮಾತ್ರ ತಾವಾಗಿ ಎದ್ದು ಮೇಜಿನವರೆಗೆ ಹೋದರು, ಹಳೆಯ ಡ್ರಾಯಿಂಗ್ ಪೆನ್ನು ಹುಡುಕಿದರು. ನಾನು ಹೇಳಿದೆ ಎಂದು ಹೇಳಬೇಡ. ನಕ್ಷೆ ಚೆನ್ನಾಗಿತ್ತು ಎಂದು ಒಂದು ಮಾತು ಬರಿ.

*

ಫೆಬ್ರವರಿ ೨೨

ಅಣ್ಣ,

ಹೋಗಿ ಬಂದೆವು. ನಿನ್ನ ನಕ್ಷೆ ಅಂಗುಲ ಅಂಗುಲವೂ ಸರಿ. ನಿನ್ನ ದಾರಿಯಲ್ಲೇ ಹತ್ತಿದೆವು, ನಿನ್ನ ದಾರಿಯಲ್ಲೇ ಇಳಿದೆವು. ಹೊಲಿಗೆಯಾಕೆ, ‘ನಿಮ್ಮಣ್ಣ ಇಲ್ಲಿಗೆ ಬಂದು ನೋಡ್ಕೊಂಡು ಹೋಗಿದಾರೇನ್ರೀ?’ ಎಂದು ಕೇಳಿದಳು. ಮೋಡ ಅಡ್ಡ ಬಂದದ್ದರಿಂದ ಫೋಟೊ ಮಾತ್ರ ಆಗಲಿಲ್ಲ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ತಂಗಿ

*

ಮಾರ್ಚ್ ೩

ಮೊಂಡಿ,

ನಿನ್ನ ಕಾಗದವನ್ನು ನಿನ್ನ ಅತ್ತಿಗೆಗೆ ಮೂರು ಸಲ ಓದಿ ಹೇಳಿದೆ. ನಾಲ್ಕನೆಯ ಸಲಕ್ಕೆ, ‘ಅಂಗುಲ ಅಂಗುಲವೂ ಸರಿ, ಗೊತ್ತಾಯ್ತು, ತರಕಾರಿ ಹೆಚ್ಚೋಕೆ ಬಿಡಿ’ ಅಂದಳು. ಹೊಲಿಗೆಯಾಕೆಗೆ ನನ್ನ ನಮಸ್ಕಾರ ಹೇಳು. ತುಂಬಾ ತಿಳಿದ ಹೆಂಗಸು.

ಈ ಕಾಗದವನ್ನು ನಾನೇ ಹೋಗಿ ಡಬ್ಬಿಗೆ ಹಾಕುತ್ತೇನೆ. ಹೋಗುವಾಗ ಎರಡು ಕಡೆ ನಿಲ್ಲುತ್ತೇನೆ, ಬರುವಾಗ ಮೂರು ಕಡೆ. ದಿನಾ ಹೋಗುವವನಿಗೆ ಇದೇನು ದೊಡ್ಡದಲ್ಲ ಬಿಡು.

ಫೋಟೊ ಆಗಲಿಲ್ಲವೆಂದರೆ ಇನ್ನೊಮ್ಮೆ ಹೋಗು. ಸೂರ್ಯ ದಿನಾ ಸ್ವಲ್ಪ ಸ್ವಲ್ಪ ಉತ್ತರಕ್ಕೆ ಸರಿಯುತ್ತಾನೆ, ಹತ್ತನೇ ತಾರೀಕು ಕಳೆದರೆ ಆ ಸಂದು ಬಿಟ್ಟು ಆಚೆ ಹೋಗಿಬಿಡುತ್ತಾನೆ. ತಡ ಮಾಡಬೇಡ. ದಾರಿ ಹೇಗೂ ಗೊತ್ತಾಯಿತಲ್ಲ.

ಅಣ್ಣ

*

ಮಾರ್ಚ್ ೧೪

ಅಣ್ಣ,

ಹೋಗಲಾಗಲಿಲ್ಲ. ಸ್ಟುಡಿಯೊದಲ್ಲಿ ಕೈತುಂಬಾ ಕೆಲಸ. ಪರೀಕ್ಷೆಯ ಅರ್ಜಿಗೆ ಫೋಟೊ ಬೇಕೆಂದು ಊರಿನ ಮಕ್ಕಳೆಲ್ಲ ಸಾಲು ನಿಂತಿದ್ದಾರೆ. ಕ್ಯಾಮೆರಾ ಒರೆಸಿ ಅಟ್ಟದ ಮೇಲೆ ಇಟ್ಟೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ನೋಡೋಣ.

ನೀನು ನಡೆಯುವುದನ್ನು ಮಾತ್ರ ಬಿಡಬೇಡ. ಆ ಸುದ್ದಿಯೊಂದು ನನಗೆ ಬೇಕೇ ಬೇಕು.

ತಂಗಿ

*

ಮೇ ೯

ಮೊಂಡಿ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಯಾಕೆ ಎಂದು ಯೋಚಿಸಿ ಯೋಚಿಸಿ ನನಗೆ ಒಂದು ಹೊಳೆದಿದೆ. ನಿನಗೆ ಹನ್ನೆರಡು ವರ್ಷವಿದ್ದಾಗ, ನನ್ನ ಮೊದಲ ಸರ್ವೆ ಕ್ಯಾಂಪಿಗೆ ಹೊರಟ ದಿನ, ನೀನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ‘ನಾನೂ ಬರ್ತೀನಿ, ಡಬ್ಬಿ ಹೊತ್ಕೋತೀನಿ’ ಅಂದೆ. ನಾನು, ‘ಹೆಣ್ಣುಮಕ್ಕಳು ಬೆಟ್ಟಕ್ಕೆ ಬಂದು ಏನು ಕಡಿದು ಗುಡ್ಡೆ ಹಾಕ್ಬೇಕು?’ ಅಂದುಬಿಟ್ಟೆ. ಈಗ ನಕ್ಷೆ ಬರೆದು ಜಂಬ ಕೊಚ್ಚಿಕೊಂಡಾಗ ನಿನಗೆ ಅದು ನೆನಪಾಗಿ ನೋವಾಯಿತೋ ಏನೋ. ಹಾಗಿದ್ದರೆ ತಪ್ಪಾಯಿತು. ಅಂದೇ ತಪ್ಪಾಗಿತ್ತು, ಹೇಳಲು ನಲವತ್ತು ವರ್ಷ ಬೇಕಾಯಿತು.

ಸಂತೋಷದ ಸುದ್ದಿಯೊಂದಿದೆ. ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ಸೂರ್ಯ ಉತ್ತರಕ್ಕೆ ಹೋದವನು ತಿರುಗಿ ಬರಲೇಬೇಕು. ಅಕ್ಟೋಬರಿನಲ್ಲಿ ಅದೇ ಸಂದಿಗೆ ಬರುತ್ತಾನೆ. ಯಾವ ದಿನದಿಂದ ಯಾವ ದಿನದವರೆಗೆ ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ. ಸೂರ್ಯನ ಚಲನೆಯ ಹಳೆಯ ಕೋಷ್ಟಕದ ಪುಸ್ತಕ ಹುಡುಕಲು ನಾನೇ ಕುರ್ಚಿ ಹತ್ತಿದೆ. ನಿನ್ನ ಅತ್ತಿಗೆ ಕಿರುಚಿದ್ದು ಮೂರು ಮನೆಗೆ ಕೇಳಿಸಿತು.

ಅಣ್ಣ

*

ಜೂನ್ ೨೦

ತಂಗೀ,

ಈ ಸಲ ಮೊಂಡಿ ಎಂದು ಕರೆಯಲು ನಾಲಿಗೆ ಏಳುತ್ತಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ, ನಿಜ ಹೇಳು. ಫೆಬ್ರವರಿಯಲ್ಲಿ ಆ ಬೆಟ್ಟದಿಂದ ನೀನು ಹೇಗೆ ಇಳಿದು ಬಂದೆ?

ಅಕ್ಟೋಬರಿನ ಲೆಕ್ಕ ಹಾಕಲು ಕೂತಿದ್ದೆ. ಬೆಟ್ಟದ ಮುಖ ಉತ್ತರಕ್ಕೆ ಎಂದು ಬರೆದುಕೊಂಡೆ. ಸೂರ್ಯ ಇರುವ ಜಾಗ ಗುರುತು ಮಾಡಿದೆ. ಲೆಕ್ಕ ಕೂಡಲಿಲ್ಲ. ಮತ್ತೆ ಹಾಕಿದೆ, ಮತ್ತೆ ಕೂಡಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಾಗ ಅರ್ಥವಾಯಿತು. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣದ ಕಡೆ ಇರುತ್ತಾನೆ. ಉತ್ತರಕ್ಕೆ ಮುಖ ಮಾಡಿದ ಬಂಡೆಗೆ ಆಗ ಸಂಜೆ ಬಿಸಿಲು ಬೀಳುವುದೇ ಇಲ್ಲ. ಆದರೆ ನಿನ್ನ ಫೋಟೊದಲ್ಲಿ ಬಿಸಿಲಿದೆ. ಹಾಗಾದರೆ ಬೆಟ್ಟದ ಮುಖ ದಕ್ಷಿಣಕ್ಕೆ ಇರಬೇಕು, ಬಿಸಿಲು ಎಡಗಡೆಯಿಂದ ಬರಬೇಕು. ಫೋಟೊ ತಿರುಗುಮುರುಗಾಗಿದೆ. ನೆಗೆಟಿವ್ ಮಗುಚಿ ಹಾಕಿ ಅಚ್ಚು ತೆಗೆದಿದ್ದೀಯ. ಎಡ ಬಲವಾಗಿದೆ, ಬಲ ಎಡವಾಗಿದೆ.

ನಾನು ಮೂರು ಸಲ ಬಲಗಡೆ ಎಂದು ಬರೆದೆ. ಪ್ರಪಾತದ ಕಡೆಗೆ ನಿನ್ನನ್ನು ಮೂರು ಸಲ ಕಳಿಸಿದೆ.

ನೀನು ಅಂಗುಲ ಅಂಗುಲವೂ ಸರಿ ಎಂದು ಬರೆದೆ. ಆ ನಕ್ಷೆ ಹಿಡಿದು ಜಗಲಿ ಮುಟ್ಟಲು ಸಾಧ್ಯವೇ ಇಲ್ಲ. ಯಾಕೆ ಸುಳ್ಳು ಹೇಳಿದೆ? ಅಣ್ಣನಿಗೆ ಅರಳುಮರುಳು, ಪಾಪ, ನೋಯಿಸಬಾರದು ಅಂದುಕೊಂಡೆಯಾ? ಅಲ್ಲಿ ಏನಾಯಿತು, ಯಾರಿಗೆ ಪೆಟ್ಟಾಯಿತು? ಹೊಲಿಗೆಯಾಕೆ ಹೇಗಿದ್ದಾಳೆ?

ಕೂಡಲೇ ಬರಿ. ಮೂರು ದಿನದಿಂದ ಊಟ ಸೇರುತ್ತಿಲ್ಲ.

ಅಣ್ಣ

*

ಜುಲೈ ೨

ಅಣ್ಣ,

ಮೊದಲು ಊಟ ಮಾಡು. ನಾನು ಕೈಕಾಲು ಗಟ್ಟಿಯಾಗಿ, ಬಾಯಿ ಇನ್ನೂ ಗಟ್ಟಿಯಾಗಿ ಇದ್ದೇನೆ. ಹೊಲಿಗೆಯಾಕೆಗೆ ಏನೂ ಆಗಿಲ್ಲ, ಯಾಕೆಂದರೆ ಆಕೆ ಬಂದೇ ಇರಲಿಲ್ಲ. ಒಬ್ಬಳೇ ಹೋಗಿದ್ದೆ. ಮೊದಲಿನಿಂದಲೂ ಒಬ್ಬಳೇ ಹೋಗುವವಳಿದ್ದೆ.

ನಿನ್ನ ಕಾಗದ ಓದಿದ ತಕ್ಷಣ ಡಾರ್ಕ್‌ರೂಮಿಗೆ ಓಡಿ ಆ ನೆಗೆಟಿವ್ ಹುಡುಕಿದೆ. ನಿನ್ನ ಮಾತು ನಿಜ, ಮಗುಚಿ ಹಾಕಿದ್ದೆ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಮುಖವನ್ನೂ ಹಾಗೆ ಮಾಡಿದವಳಲ್ಲ. ಮುಖವಾದರೆ ಬೈತಲೆ ನೋಡುತ್ತೇನೆ, ಮಚ್ಚೆ ನೋಡುತ್ತೇನೆ, ಅಂಗಿಯ ಜೇಬು ಯಾವ ಕಡೆ ಎಂದು ನೋಡುತ್ತೇನೆ. ಒಂದು ತಪ್ಪಿದರೂ ಕೈ ತಾನಾಗಿ ನಿಲ್ಲುತ್ತದೆ. ಬಂಡೆಗೆ ಬೈತಲೆ ಎಲ್ಲಿ? ಫಿಲ್ಮಿನ ಅಂಚಿನ ನಂಬರು ತಿರುಗಿದೆಯೇ ಎಂದು ನೋಡಬೇಕಿತ್ತು. ದೀಪದ ಕೆಳಗೆ ಬೆಟ್ಟ ಮೂಡಿದ ಸಂಭ್ರಮದಲ್ಲಿ ನೋಡಲಿಲ್ಲ. ಇನ್ನು ನಿನ್ನ ದಿಕ್ಕುದೆಸೆಯ ಪಾಠವಿತ್ತಲ್ಲ, ಬಿಸಿಲು ಬಲಗಡೆಯಿಂದ ಎಂಬುದು, ಅದನ್ನು ಎಂದಿನಂತೆ ಓದದೆ ಹಾರಿಸಿದ್ದೆ. ಓದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಫೆಬ್ರವರಿ ಹದಿನೇಳಕ್ಕೆ ಹೋದೆ. ಮೂರೂಕಾಲಿಗೆ ಅಂಗಡಿ ಬಾಗಿಲು ಹಾಕಿ, ಬಸ್ಸು ಹಿಡಿದು, ನಾಲ್ಕಕ್ಕೆ ಸೀಳುಗುಂಡಿನ ಹತ್ತಿರ ಇದ್ದೆ. ಬೆನ್ನಿಗೆ ಕ್ಯಾಮೆರಾ, ಹೆಗಲಿಗೆ ಟ್ರೈಪಾಡ್, ಕೈಯಲ್ಲಿ ನಿನ್ನ ನಕ್ಷೆ. ನಕ್ಷೆ ಕೈಯಲ್ಲಿದ್ದಾಗ ತಲೆ ಎತ್ತಿ ಬೆಟ್ಟ ನೋಡುವವರು ಯಾರು? ಬಲಗಡೆಯ ಕೊರಕಲಿಗೆ ನುಗ್ಗಿದೆ. ಮೊದಮೊದಲು ಸುಖವಾಗಿಯೇ ಇತ್ತು. ಬಂಡೆ ಬೆಚ್ಚಗಿತ್ತು, ಉಸಿರು ಬಿಟ್ಟರೆ ನನಗೇ ಕೇಳಿಸುವಷ್ಟು ನಿಶ್ಶಬ್ದ. ಬೆಳಗಿನಿಂದ ಎಷ್ಟು ಜನರಿಗೆ ನಗಬೇಡಿ ನಗಬೇಡಿ ಎಂದಿದ್ದೆನೋ, ಅಲ್ಲಿ ನಾನೊಬ್ಬಳೇ ಹಲ್ಲುಬಿಟ್ಟುಕೊಂಡು ಹತ್ತುತ್ತಿದ್ದೆ.

ಆಮೇಲೆ ಮೆಟ್ಟಿಲು ಸಣ್ಣದಾಗುತ್ತಾ ಬಂತು. ಇನ್ನೇನು ಜಗಲಿ ಬಂತು, ಇನ್ನೇನು ಬಂತು ಎಂದು ಹೋದವಳಿಗೆ ಒಂದು ಮೂಲೆ ತಿರುಗಿದರೆ ಮುಂದೆ ಏನೂ ಇಲ್ಲ. ಕೆಳಗೆ ಬಸ್ಸಿನ ರಸ್ತೆ ಕಾಣುತ್ತಿತ್ತು, ನೇರ ಪಾದದ ಕೆಳಗೆ. ತಿರುಗಲು ಹೋದಾಗ ಟ್ರೈಪಾಡ್ ಬಂಡೆಗೆ ತಗಲಿ ನನ್ನನ್ನು ಹೊರಕ್ಕೆ ತಳ್ಳಿತು. ಕೈ ಊರಿದೆ. ಬಲಗೈ ಮಣಿಕಟ್ಟು ಉಳುಕಿತು, ಟ್ರೈಪಾಡ್ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಕೇಳಲು ತುಂಬ ಹೊತ್ತು ಹಿಡಿಯಿತು. ಆಗ ಹೆದರಿದೆ ಅಣ್ಣ. ಕಣ್ಣುಮುಚ್ಚಿ ಬಂಡೆಗೆ ಅಂಟಿಕೊಂಡು ಅತ್ತೆ.

ಎಷ್ಟು ಹೊತ್ತು ಹಾಗಿದ್ದೆನೋ. ಮುಖಕ್ಕೆ ಬಿಸಿಲು ತಾಗಿತು. ಕಣ್ಣುಬಿಟ್ಟರೆ ಸಂದಿನಿಂದ ಸೂರ್ಯ ಬಂದಿದ್ದ, ಕೊರಕಲಿನ ಒಂದೊಂದು ಮೆಟ್ಟಿಲ ಅಂಚೂ ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು. ಆ ಕಾಲು ಗಂಟೆಯ ಬೆಳಕಿನಲ್ಲಿ ಕೂತುಕೊಂಡೇ ಒಂದೊಂದೇ ಮೆಟ್ಟಿಲು ಜಾರಿ ಇಳಿದೆ. ಯಾವ ಬೆಳಕಿನ ಫೋಟೊ ತೆಗೆಯಲು ಹೋಗಿದ್ದೆನೋ ಅದನ್ನು ಕೆಳಗಿಳಿಯಲು ಖರ್ಚು ಮಾಡಿದೆ. ರಸ್ತೆ ಮುಟ್ಟಿದಾಗ ಆರೂಕಾಲು. ಸೀರೆಯ ಹಿಂಭಾಗ ಚಿಂದಿ. ಬಸ್ಸಿನಲ್ಲಿ ಯಾರೋ ಎದ್ದು ಸೀಟು ಕೊಟ್ಟರು, ನಾನು ಬೇಡವೆಂದು ಗೋಡೆಗೆ ಒರಗಿ ನಿಂತುಕೊಂಡೇ ಬಂದೆ.

ಮರುದಿನ ರಸ್ತೆಯಲ್ಲಿ ನಿಂತು ನೋಡಿದರೆ ಎಡಗಡೆಯ ಕೊರಕಲೇ ಜಗಲಿಗೆ ಹೋಗುವುದು ಕಣ್ಣಿಗೆ ರಾಚುತ್ತಿತ್ತು. ಅಣ್ಣನ ಕಣ್ಣು ಹೋಯಿತು ಅಂದುಕೊಂಡೆ. ಮೂವತ್ತೈದು ವರ್ಷದಲ್ಲಿ ಒಂದು ಗಡಿಕಲ್ಲು ತಪ್ಪಿಸದವನು ಎಡ ಬಲ ತಪ್ಪಿದನಲ್ಲ! ಅತ್ತಿಗೆ ನಕ್ಷೆಯ ಹಿಂದೆ ಎರಡು ಸಾಲು ಬರೆದಿದ್ದರು (ಅವರನ್ನು ಬೈಯಬೇಡ, ಬೈದರೆ ನಾನು ಬಂದು ಜಗಳ ಆಡುತ್ತೇನೆ). ನೀನು ಕುರ್ಚಿ ಬಿಟ್ಟು ಏಳುತ್ತಿಲ್ಲ, ನಕ್ಷೆಗೋಸ್ಕರ ಎದ್ದೆ ಎಂದು. ತಪ್ಪಾಗಿತ್ತು ಎಂದು ಬರೆದರೆ ನೀನು ಮತ್ತೆ ಕೂತುಬಿಡುತ್ತೀಯ, ಮಂಡಿ ಮರವಾಗಿಬಿಡುತ್ತದೆ. ಅದಕ್ಕೆ ಎಡಗೈಯಲ್ಲಿ ಆ ಕಾಗದ ಬರೆದೆ. ಬಸ್ಸಿನಲ್ಲಿ ಬರೆದದ್ದು ಎಂಬುದೂ ಸುಳ್ಳು.

ಕ್ಯಾಂಪಿನ ವಿಚಾರ ಬರೆದಿದ್ದೀಯ. ನನಗೆ ನೆನಪಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಮತ್ತೆ ಹೋಗದೆ ಇದ್ದದ್ದಕ್ಕೆ ಅದು ಕಾರಣವಲ್ಲ. ನನಗೆ ಹೆದರಿಕೆಯಾಗಿದೆ. ಬರೀ ಹೆದರಿಕೆ. ಬಸ್ಸಿನಲ್ಲಿ ಹೋದರೆ ಈಗ ಆಚೆ ಕಿಟಕಿಯ ಪಕ್ಕ ಕೂರುತ್ತೇನೆ, ಬೆಟ್ಟ ಕಾಣದಂತೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ನಿನಗೂ ಒಂದು ಪ್ರಶ್ನೆ. ದಿನಾ ಅಂಚೆ ಕಚೇರಿಗೆ ನಡೆಯುತ್ತೇನೆ, ಡಾಕ್ಟರಿಗೇ ಆಶ್ಚರ್ಯ ಎಂದು ಬರೆದೆಯಲ್ಲ, ಅದು ಯಾವ ಡಾಕ್ಟರು?

ನಿನ್ನ ಮೊಂಡಿ

*

ಜುಲೈ ೧೫

ಮೊಂಡಿ,

ಸಿಕ್ಕಿಬಿದ್ದೆ. ಯಾವ ಡಾಕ್ಟರೂ ಇಲ್ಲ. ಫೆಬ್ರವರಿಯಲ್ಲಿ ನಾನು ನಡೆದದ್ದು ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ. ಮಾರ್ಚ್ ಮೂರರಂದು ಮೊದಲ ಸಲ ನಿಜವಾಗಿ ಅಂಚೆ ಡಬ್ಬಿಯವರೆಗೆ ಹೋದೆ. ನಿನ್ನ ಸುಳ್ಳು ಜೇಬಿನಲ್ಲಿಟ್ಟುಕೊಂಡು ಹೋದೆ ನೋಡು. ಅಂದಿನಿಂದ ತಪ್ಪಿಸಿಲ್ಲ. ಈಗ ಮಂಡಿ ಮುಕ್ಕಾಲು ಪಾಲು ಮಡಚುತ್ತದೆ, ಮಿಕ್ಕ ಕಾಲು ಪಾಲಿಗೆ ನಿನ್ನ ಅತ್ತಿಗೆ ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ಪೆನ್ಸಿಲ್ ಕಾಗದದ ಸಿಟ್ಟನ್ನು ಅವಳ ಮೇಲೆ ತೀರಿಸೋಣವೆಂದರೆ ಕಾಲು ಅವಳ ಕೈಯಲ್ಲಿದೆ.

ನಿನ್ನ ಕಾಗದದ ಆ ಪ್ರಪಾತದ ಭಾಗವನ್ನು ಒಂದೇ ಸಲ ಓದಿದೆ. ಎರಡನೆಯ ಸಲ ಓದಲಾಗಲಿಲ್ಲ. ತಪ್ಪು ನಿನ್ನದು ಎಷ್ಟೋ ನನ್ನದೂ ಅಷ್ಟೇ. ಫೆಬ್ರವರಿಯ ಬಿಸಿಲು ಉತ್ತರದ ಮುಖಕ್ಕೆ ಬೀಳದು ಎಂಬುದು ಸರ್ವೆಯರಿಗೆ ನಿದ್ದೆಯಲ್ಲೂ ಗೊತ್ತಿರಬೇಕು. ನನಗೆ ಕೆಲಸ ಬಂತಲ್ಲ ಎಂಬ ಸಂತೋಷದಲ್ಲಿ ನಾನು ನೋಡಲಿಲ್ಲ. ಇಬ್ಬರೂ ಸಂತೋಷದಲ್ಲೇ ಕೆಟ್ಟೆವು.

ಲೆಕ್ಕ ಈಗ ಕೂಡಿತು. ಅಕ್ಟೋಬರ್ ಮೂರರಿಂದ ನವೆಂಬರ್ ಮಧ್ಯದವರೆಗೆ ನಿನ್ನ ಬೆಳಕು ಬರುತ್ತದೆ. ಅಕ್ಟೋಬರ್ ಹನ್ನೊಂದರ ಹೊತ್ತಿಗೆ ಸೂರ್ಯ ಪೂರ್ತಿ ಸಂದಿನೊಳಗಿರುತ್ತಾನೆ. ನಾನೂ ನಿನ್ನ ಅತ್ತಿಗೆಯೂ ಒಂಬತ್ತಕ್ಕೆ ಬರುತ್ತೇವೆ. ಬೇಡ ಅನ್ನಬೇಡ, ಬಸ್ಸಿನ ಸೀಟು ಆಗಿದೆ.

ಮೊದಲು ನಾನೂ ಜೊತೆಗೆ ಅರ್ಧ ಹತ್ತುತ್ತೇನೆ ಎಂದು ಬರೆದಿದ್ದೆ. ಆ ಸಾಲನ್ನು ಹೊಡೆದು ಹಾಕಿದ್ದೇನೆ, ನಿನಗೇ ಕಾಣುತ್ತಿರಬಹುದು. ಹೊಸ ನಕ್ಷೆಯನ್ನೂ ಕಳಿಸುತ್ತಿಲ್ಲ. ಬರೆದಿಟ್ಟಿದ್ದೆ, ನಿಜ, ಚೆನ್ನಾಗಿಯೇ ಬಂದಿತ್ತು. ಆದರೆ ಆ ಬೆಟ್ಟವನ್ನು ಕೂತು ಜಾರಿ ಒಂದೊಂದೇ ಮೆಟ್ಟಿಲಾಗಿ ಅಳೆದವಳು ನೀನು, ನಾನು ಕಾಗದದ ಮೇಲೆ ಕಂಡವನು. ಹೆದರಿಕೆ ಹೋಗಿದ್ದರೆ ಹತ್ತು. ಹೋಗದಿದ್ದರೆ ಇಬ್ಬರೂ ರಸ್ತೆಯಲ್ಲಿ ನಿಂತು ನೋಡಿ ಮನೆಗೆ ಬರೋಣ, ಯಾರೂ ನಗುವುದಿಲ್ಲ. ಹತ್ತುವುದಾದರೆ ಒಬ್ಬಳೇ ಹತ್ತು. ನಾನು ಕೆಳಗಿರುತ್ತೇನೆ.

ಅಣ್ಣ

*

ಅಕ್ಟೋಬರ್ ೧೧, ಬಸ್ಸು ತಿರುಗುವಲ್ಲಿನ ಚಹಾ ಅಂಗಡಿ

ಮೊಂಡಿ,

ನಾಲ್ಕು ಗಂಟೆ ಹತ್ತು ನಿಮಿಷ. ನೀನು ಸೀಳುಗುಂಡಿನ ಹಿಂದೆ ಮರೆಯಾಗಿ ಈಗಷ್ಟೇ ಐದು ನಿಮಿಷವಾಯಿತು. ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಂಟು ತಿಂಗಳಿಂದ ನಿನಗೆ ಬರೆದು ಬರೆದು ಚಟವಾಗಿದೆ. ನಿನ್ನ ಅತ್ತಿಗೆ ಹೊಲಿಗೆ ಅಂಗಡಿಯಲ್ಲಿ ಕೂತಿರಬೇಕು. ‘ನಾನು ಬರದೇನೇ ಬೆಟ್ಟ ಹತ್ತಿ ಬಂದಿದೀನಂತಲ್ರೀ’ ಎಂದು ಆ ಹೆಂಗಸು ಬೆಳಿಗ್ಗೆಯಿಂದ ನಗುತ್ತಿದ್ದಾಳೆ.

ಮಧ್ಯಾಹ್ನ ನೀನು ಸ್ಟುಡಿಯೊದ ಬೀಗ ಹಾಕಿ, ಮತ್ತೆ ತೆಗೆದು, ಕ್ಯಾಮೆರಾ ಒರೆಸಿ, ಮತ್ತೆ ಬೀಗ ಹಾಕಿದ್ದನ್ನು ನೋಡಿದೆ. ಯಾಕೆಂದು ಕೇಳಿದ್ದರೆ ನೀನು ನಿಂತುಬಿಡುತ್ತಿದ್ದೆ ಅನ್ನಿಸಿತು.

ನಾಲ್ಕೂ ಮುಕ್ಕಾಲು. ಚಹಾ ಅಂಗಡಿಯವರು ನನ್ನ ದುರ್ಬೀನು ನೋಡಿ, ‘ಯಾರನ್ನ ಹುಡುಕ್ತಿದೀರಿ ಸಾರ್?’ ಅಂದರು. ತಂಗಿ ಅಂದೆ. ಬೆಟ್ಟದ ಕಡೆ ಕೈ ತೋರಿಸಿದೆ. ‘ಅಯ್ಯೋ, ಒಬ್ರೇನಾ? ನೀವು ಹೆಂಗೆ ಬಿಟ್ರಿ?’ ಅಂದರು. ‘ಬಿಡೋಕೆ ನಾನ್ಯಾರ್ರೀ? ಅವಳ ಕೆಲಸಕ್ಕೆ ಅವಳು ಹೋಗಿದಾಳೆ’ ಅಂದೆ. ಬಾಯಲ್ಲಿ ಇಷ್ಟು ಧೈರ್ಯ ಬಂತು. ಚಹಾ ಮಾತ್ರ ಆರಿಹೋಗುವವರೆಗೆ ಹಿಡಿದುಕೊಂಡೇ ಇದ್ದೆ.

ಐದೂ ಹತ್ತು. ಜಗಲಿಯ ಮೇಲೆ ಒಂದು ಚುಕ್ಕೆ ಕಾಣಿಸಿತು. ದುರ್ಬೀನು ಸರಿಮಾಡಿ ನೋಡಿದೆ. ನೀನೇ. ಮುಟ್ಟಿಬಿಟ್ಟೆಯಲ್ಲೇ! ಕೂಗಿದೆನಂತೆ, ನನಗೆ ಗೊತ್ತಾಗಲಿಲ್ಲ. ಅಂಗಡಿಯವರೂ ದುರ್ಬೀನು ಇಸಿದುಕೊಂಡು ನೋಡಿದರು, ಬಸ್ಸಿಗೆ ಕಾಯುತ್ತಿದ್ದ ಇಬ್ಬರೂ ನೋಡಿದರು. ನೀನು ಹೊಸ ಟ್ರೈಪಾಡಿನ ಕಾಲು ಬಿಡಿಸುತ್ತಿದ್ದೆ.

ಐದೂವರೆ. ಬಂತು. ನಾನು ಜೀವಮಾನವೆಲ್ಲ ಬೆಟ್ಟ ನೋಡಿದವನು, ಎತ್ತರ ಎಷ್ಟು, ಇಳಿಜಾರು ಎಷ್ಟು ಎಂದೇ ನೋಡಿದವನು. ನೀನು ಬರೆದದ್ದನ್ನು ಓದಿ, ಫೋಟೊದವಳು ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದಾಳೆ ಅಂದುಕೊಂಡಿದ್ದೆ. ಇಲ್ಲ. ಆ ಒಡಕು ಬಂಡೆಯೆಲ್ಲ ಒಂದು ಕ್ಷಣಕ್ಕೆ ಎಷ್ಟು ಚೆಂದವಾಯಿತೆಂದು ಹೇಳಲು ನನಗೆ ಮಾತಿಲ್ಲ. ನೀನು ಬಗ್ಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದೆ. ಕಾಲು ಗಂಟೆ ಒಂದು ಸಲವೂ ನೆಟ್ಟಗಾಗಲಿಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತ ಹುಡುಗಿಯನ್ನು ನಾನು ಅಂದು ಕರೆದುಕೊಂಡು ಹೋಗಬೇಕಿತ್ತು. ತುಂಬ ಕಳೆದುಕೊಂಡೆ.

ಆರು. ಬೆಳಕು ಹೋಯಿತು. ಜಗಲಿ ಖಾಲಿ. ನೀನು ಇಳಿಯುತ್ತಿರಬೇಕು, ಕೊರಕಲಿನೊಳಗೆ ಇರುವುದರಿಂದ ಕಾಣುತ್ತಿಲ್ಲ. ಹಾಗೆಂದು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ.

ಆರೂ ಹತ್ತು. ಇನ್ನೂ ಇಲ್ಲ. ಅಂಗಡಿಯವರು ದೀಪ ಹಚ್ಚಿದರು. ‘ಬರ್ತಾರೆ ಕೂತ್ಕೊಳ್ಳಿ ಸಾರ್’ ಅಂದರು. ಆಗ ನೋಡಿದರೆ ನಾನು ಬಹಳ ಹೊತ್ತಿನಿಂದ ನಿಂತೇ ಇದ್ದೇನೆ, ಊರುಗೋಲು ಬೆಂಚಿನ ಮೇಲಿದೆ, ಕಾಗದ ಅಂಗೈ ಮೇಲಿಟ್ಟು ಬರೆಯುತ್ತಿದ್ದೇನೆ.

ಆರೂ ಇಪ್ಪತ್ತು. ಸೀಳುಗುಂಡಿನ ಪಕ್ಕ ನೀನು ಕಾಣಿಸಿದೆ. ನಡೆದುಕೊಂಡೇ ಬರುತ್ತಿದ್ದೀಯ, ಟ್ರೈಪಾಡ್ ಹೆಗಲ ಮೇಲೆ. ನನ್ನ ಕಡೆ ಕೈ ಬೀಸಿದೆ. ಇನ್ನು ಬರೆಯುವುದು ಬೇಡ, ಪೆನ್ನು ಮುಚ್ಚುತ್ತೇನೆ. ನೀನು ರಸ್ತೆಗೆ ಬರುವವರೆಗೆ ಕಾಯಲಾರೆ, ಎದುರಿಗೆ ನಾನೇ ನಡೆದು ಬರುತ್ತಿದ್ದೇನೆ.